‘ಅಲರ್ಜಿ ಬಾರದ ಸಣ್ಣ ನಾಯಿ’ ಎಂಬ ಮಾತಿನ ಬಗ್ಗೆ

ಮಾನ್ಯ ಸಂಪಾದಕರೇ,

ಅಲರ್ಜಿ ಇರುವವರು ಸಾಕಬಹುದಾದ ಸಣ್ಣ ನಾಯಿಗಳ ಕುರಿತು ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಎರಡು ಸಲ ಓದಿದೆ. ಮಾಲ್ಟೀಸ್, ಶಿಟ್ಜು, ಬಿಷಾನ್ ಫ್ರೀಸೆ, ಯಾರ್ಕ್‌ಶೈರ್ ಟೆರಿಯರ್, ಟಾಯ್ ಪೂಡಲ್, ಹವಾನೀಸ್, ಮಿನಿಯೇಚರ್ ಷ್ನಾಜರ್ ಮುಂತಾದ ತಳಿಗಳ ಹೆಸರನ್ನು ಚಿತ್ರಸಮೇತ ಕೊಟ್ಟು, ಇವುಗಳ ಕೂದಲು ಉದುರುವುದಿಲ್ಲ, ಆದ್ದರಿಂದ ಅಲರ್ಜಿಯ ಭಯವಿಲ್ಲ ಎಂದು ಲೇಖಕರು ಬರೆದಿದ್ದಾರೆ. ಆ ವಾಕ್ಯದ ಮೊದಲ ಅರ್ಧ ಹೆಚ್ಚುಕಡಿಮೆ ಸರಿಯಾಗಿದೆ. ಎರಡನೆಯ ಅರ್ಧವನ್ನು ನಂಬಿ ಆರು ವರ್ಷಗಳ ಹಿಂದೆ ಮರಿಯೊಂದನ್ನು ಮನೆಗೆ ತಂದವನು ನಾನು. ಅದೇ ಮಾತನ್ನು ನಂಬಿ ಇನ್ನಷ್ಟು ಮಂದಿ ಮರಿ ತರುವ ಮೊದಲು ಕೆಲವು ಸಂಗತಿಗಳನ್ನು ನಿಮ್ಮ ಓದುಗರ ಗಮನಕ್ಕೆ ತರಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ಉದ್ದವಾದೀತು, ಮನ್ನಿಸಬೇಕು.

ನಾಯಿಯಿರುವ ಮನೆಗೆ ಹೋದರೆ ಅರ್ಧ ಗಂಟೆಯೊಳಗೆ ಕಣ್ಣು ತುರಿಸಿ, ಮೂಗು ಕಟ್ಟಿ, ಸಾಲು ಸೀನು ಶುರುವಾಗುವುದು ನನಗೆ ಚಿಕ್ಕಂದಿನಿಂದಲೂ ಇದ್ದದ್ದೇ. ನಾಯಿ ಬೇಕೇ ಬೇಕೆಂಬ ಮಗಳ ಹಟಕ್ಕೂ ನನ್ನ ಮೂಗಿಗೂ ರಾಜಿ ಮಾಡಿಸಲು ಸಿಕ್ಕಿದ್ದು, ಮಾರುವವರು ‘ಅಲರ್ಜಿ ಬಾರದ’ ಎಂಬರ್ಥದಲ್ಲಿ ಬಳಸುವ ‘ಹೈಪೊಅಲರ್ಜೆನಿಕ್’ ಎಂಬ ಪದ. ಮರಿ ಮಾರುವವರು ಶಿಟ್ಜು ಮರಿಯ ಬೆನ್ನಿನ ಮೇಲೆ ಕೈಯಾಡಿಸಿ, ಅಂಗೈಯನ್ನು ನನ್ನ ಮುಂದೆ ಹಿಡಿದು, ‘ನೋಡಿ, ಒಂದು ಎಳೆ ಕೂದಲೂ ಬಂದಿಲ್ಲ’ ಎಂದರು. ನಿಜಕ್ಕೂ ಬಂದಿರಲಿಲ್ಲ. ಹತ್ತು ನಿಮಿಷ ಅದನ್ನು ಎತ್ತಿಕೊಂಡು ನಿಂತಿದ್ದರೂ ನಾನು ಒಮ್ಮೆಯೂ ಸೀನಲಿಲ್ಲ. ಮೊದಲ ಕೆಲವು ವಾರಗಳು ಸುಸೂತ್ರವಾಗಿ ಕಳೆದವು. ನಾಲ್ಕನೆಯ ತಿಂಗಳಿನ ಹೊತ್ತಿಗೆ ಬೆಳಗಿನ ಜಾವ ಉಬ್ಬಸದಿಂದ ಎಚ್ಚರವಾಗತೊಡಗಿತು. ಮರಿ ಪ್ರೀತಿಯಿಂದ ಮೊಣಕೈ ನೆಕ್ಕಿದರೆ, ನಾಲಿಗೆ ಹಾದುಹೋದ ದಾರಿಯುದ್ದಕ್ಕೂ, ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದ ಹಾಗೆ, ಗಂದೆ ಏಳುತ್ತಿತ್ತು. ಎಂಟು ತಿಂಗಳು ಮಾತ್ರೆ, ಮೂಗಿನ ಸ್ಪ್ರೇ ಎಂದು ತಳ್ಳಿದ ಮೇಲೆ ಮರಿಯನ್ನು ತಂಗಿಯ ಮನೆಗೆ ಬಿಟ್ಟುಬಂದೆವು. ಮಗಳು ನನ್ನೊಡನೆ ಮೂರು ದಿನ ಮಾತಾಡಲಿಲ್ಲ.

ತಪ್ಪು ಎಲ್ಲಿ ಆಗಿತ್ತೆಂಬುದು ಆಮೇಲೆ ತಿಳಿಯಿತು. ಮಾರಿದವರೂ ಕೊಂಡ ನಾನೂ ಕೂದಲನ್ನೇ ನೋಡುತ್ತಿದ್ದೆವು. ನಾಯಿಯ ಅಲರ್ಜಿಗೆ ಕಾರಣ ಅದರ ಕೂದಲಲ್ಲ; ಅದರ ಎಂಜಲು, ಚರ್ಮದಿಂದ ಉದುರುವ ಸೂಕ್ಷ್ಮ ಹೊಟ್ಟು ಮತ್ತು ಮೂತ್ರದಲ್ಲಿರುವ ಕೆಲವು ಪ್ರೋಟೀನುಗಳು. ನಾಯಿಯ ವೈಜ್ಞಾನಿಕ ಹೆಸರಾದ ಕ್ಯಾನಿಸ್ ಫೆಮಿಲಿಯಾರಿಸ್ ಎಂಬುದನ್ನು ಮೊಟಕುಗೊಳಿಸಿ ಇವಕ್ಕೆ ಕ್ಯಾನ್ ಎಫ್ 1, ಕ್ಯಾನ್ ಎಫ್ 2 ಎಂದು ಕ್ರಮವಾಗಿ ಹೆಸರಿಟ್ಟಿದ್ದಾರೆ. ಇವುಗಳಲ್ಲಿ ಮುಖ್ಯವಾದ ಕ್ಯಾನ್ ಎಫ್ 1 ಎಂಜಲಿನಲ್ಲಿ ಧಾರಾಳವಾಗಿದೆ. ನಾಯಿ ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟುತ್ತದೆ, ಒಣಗುತ್ತದೆ, ಪುಡಿಯಾಗಿ ಗಾಳಿಗೆ ಸೇರುತ್ತದೆ. ಈ ಪುಡಿಯ ಒಂದು ಪಾಲು ಎಷ್ಟು ಸಣ್ಣದೆಂದರೆ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿದ್ದು ಉಸಿರಿನೊಡನೆ ಶ್ವಾಸಕೋಶದ ಒಳಗಿನವರೆಗೂ ಹೋಗಬಲ್ಲದು. ಕೂದಲು ಇದನ್ನು ಹೊತ್ತು ತಿರುಗುವ ವಾಹನ ಮಾತ್ರ. ಮೈಮೇಲೆ ಕೂದಲೇ ಇಲ್ಲದಂತಿರುವ ಚೈನೀಸ್ ಕ್ರೆಸ್ಟೆಡ್ ನಾಯಿಗೂ ಎಂಜಲಿದೆ, ಚರ್ಮವಿದೆ.

ಹಾಗಾದರೆ ಕೂದಲು ಉದುರದ ತಳಿಯಿಂದ ಏನೂ ಪ್ರಯೋಜನವಿಲ್ಲವೇ ಎಂದರೆ, ಹಾಗೂ ಹೇಳಲಾರೆ. ಪೂಡಲ್, ಮಾಲ್ಟೀಸ್‌ಗಳಂಥ ನಾಯಿಗಳ ಕೂದಲು ನಮ್ಮ ತಲೆಗೂದಲಿನಂತೆ ಬಹುಕಾಲ ಬೆಳೆಯುತ್ತಲೇ ಇರುವುದರಿಂದ ಸೋಫಾ, ಹಾಸಿಗೆ, ಬಟ್ಟೆಗಳ ಮೇಲೆ ಬೀಳುವುದು ಕಡಿಮೆ. ಗುಡಿಸುವವರ ಸೊಂಟಕ್ಕೆ ಅಷ್ಟು ನೆಮ್ಮದಿ. ಗಾತ್ರ ನೋಡಿ ಮೋಸಹೋಗುವವರೂ ಇದ್ದಾರೆ. ಪಗ್, ಪಾಮರೇನಿಯನ್, ಚಿವಾವಾ ಇವು ಸಣ್ಣ ನಾಯಿಗಳೇ ಆದರೂ ಚೆನ್ನಾಗಿಯೇ ಕೂದಲು ಉದುರಿಸುತ್ತವೆ. ಅಂತೂ ಕೂದಲು ಕಡಿಮೆ ಉದುರುವುದು ಮನೆಯ ಚೊಕ್ಕಟತನಕ್ಕೆ ಸಂಬಂಧಿಸಿದ ಗುಣವೇ ಹೊರತು ಮೂಗಿಗೆ ಕೊಟ್ಟ ಭರವಸೆಯಲ್ಲ.

ಇದು ನನ್ನೊಬ್ಬನ ಅನುಭವದ ಮಾತಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ನಾಯಿ ಸಾಕಿದ್ದ 173 ಮನೆಗಳ ಧೂಳಿನಲ್ಲಿದ್ದ ಕ್ಯಾನ್ ಎಫ್ 1 ಪ್ರಮಾಣವನ್ನು ಅಳೆದರು. ‘ಅಲರ್ಜಿ ಕಡಿಮೆ’ ಎಂದು ಹೆಸರಾದ ತಳಿಗಳ ಮನೆಗಳಿಗೂ ಉಳಿದ ತಳಿಗಳ ಮನೆಗಳಿಗೂ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಮರುವರ್ಷ ನೆದರ್ಲೆಂಡ್ಸ್‌ನ ಸಂಶೋಧಕರು ನಾಯಿಗಳ ಕೂದಲಿನ ಮಾದರಿಯನ್ನೇ ಕತ್ತರಿಸಿ ತಂದು ಪರೀಕ್ಷಿಸಿದಾಗ ಫಲಿತಾಂಶ ಇನ್ನೂ ವಿಚಿತ್ರವಾಗಿತ್ತು. ‘ಅಲರ್ಜಿ ಕಡಿಮೆ’ ಎನಿಸಿಕೊಂಡ ನಾಯಿಗಳ ಕೂದಲಿನಲ್ಲೇ ಕ್ಯಾನ್ ಎಫ್ 1 ಹೆಚ್ಚಾಗಿತ್ತು. ಮನೆಯ ನೆಲದ ಧೂಳಿನಲ್ಲಿ, ಲ್ಯಾಬ್ರಡಾರ್ ಮತ್ತು ಪೂಡಲ್‌ಗಳ ಬೆರಕೆಯಾದ ಲ್ಯಾಬ್ರಡೂಡಲ್ ಒಂದರ ಮಟ್ಟಿಗೆ ಪ್ರಮಾಣ ಕಡಿಮೆ ಕಂಡಿತಾದರೂ ಗಾಳಿಯಲ್ಲಿ ತಳಿಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ನನ್ನ ಮಟ್ಟಿಗೆ ಆ ಅಧ್ಯಯನದ ಮುಖ್ಯ ಮಾತು ಬೇರೆಯೇ ಇದೆ. ಒಂದು ತಳಿಗೂ ಇನ್ನೊಂದು ತಳಿಗೂ ಇರುವ ಅಂತರಕ್ಕಿಂತ ಒಂದೇ ತಳಿಯ ಒಂದು ನಾಯಿಗೂ ಇನ್ನೊಂದು ನಾಯಿಗೂ ಇರುವ ಅಂತರ ದೊಡ್ಡದು ಎಂದು ಅದು ಹೇಳುತ್ತದೆ. ಎಂದರೆ, ನಿಮ್ಮ ಸ್ನೇಹಿತರ ಮನೆಯ ಮಾಲ್ಟೀಸ್ ನಿಮಗೆ ಒಗ್ಗಿತೆಂಬ ಮಾತ್ರಕ್ಕೆ ಮಾಲ್ಟೀಸ್ ತಳಿ ನಿಮಗೆ ಒಗ್ಗಿತೆಂದು ಅರ್ಥವಲ್ಲ. ಆ ಒಂದು ನಾಯಿ ಒಗ್ಗಿತು, ಅಷ್ಟೇ.

ಇದಕ್ಕೆ ಒಳ್ಳೆಯ ಸಾಕ್ಷಿ ಲ್ಯಾಬ್ರಡೂಡಲ್‌ನ ಹುಟ್ಟಿನ ಕಥೆಯಲ್ಲೇ ಇದೆ. ಅದು ಸಣ್ಣ ನಾಯಿಯಲ್ಲ, ಆದರೂ ಇಲ್ಲಿ ಹೇಳಬೇಕಾದದ್ದು. 1980ರ ದಶಕದಲ್ಲಿ ಆಸ್ಟ್ರೇಲಿಯದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯೊಂದರಲ್ಲಿದ್ದ ವಾಲಿ ಕಾನ್ರನ್ ಅವರಿಗೆ ಹವಾಯಿಯ ಅಂಧ ಮಹಿಳೆಯೊಬ್ಬರಿಂದ ಕೋರಿಕೆ ಬಂತು. ಅವರಿಗೆ ದಾರಿ ತೋರುವ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿಯೆಂದರೆ ಅಲರ್ಜಿ. ಕಾನ್ರನ್ ಮೂವತ್ತಕ್ಕೂ ಹೆಚ್ಚು ಪೂಡಲ್‌ಗಳನ್ನು ಪರೀಕ್ಷಿಸಿ, ಯಾವುದೂ ಕೆಲಸಕ್ಕೆ ಒದಗದಾಗ, ಲ್ಯಾಬ್ರಡಾರ್ ಮತ್ತು ಪೂಡಲ್ ನಾಯಿಗಳನ್ನು ಕೂಡಿಸಿದರು. ಮೂರು ಮರಿಗಳು ಹುಟ್ಟಿದವು. ಮೂರರ ಕೂದಲು ಮತ್ತು ಎಂಜಲಿನ ಮಾದರಿಗಳನ್ನು ಹವಾಯಿಗೆ ಕಳುಹಿಸಿ ನೋಡಿದಾಗ ಆ ಗಂಡನಿಗೆ ಒಗ್ಗಿದ್ದು ಒಂದೇ ಒಂದು ಮರಿ. ಒಂದೇ ತಾಯಿ, ಒಂದೇ ತಂದೆ, ಒಂದೇ ಸೂಲು. ಆದರೂ ಮೂರರಲ್ಲಿ ಎರಡು ಆಗಿಬರಲಿಲ್ಲ. ಇಂದು ಆ ತಳಿಯ ಹೆಸರಿನ ಮುಂದೆ ‘ಅಲರ್ಜಿ ಇಲ್ಲ’ ಎಂದು ಬರೆದು ಮಾರುವವರು ಕಥೆಯ ಈ ಭಾಗವನ್ನು ಹೇಳುವುದಿಲ್ಲ. ಈ ಬೆರಕೆಗಾಗಿ ಜನ ಮುಗಿಬಿದ್ದದ್ದನ್ನು ಕಂಡು ಕಾನ್ರನ್ ಅವರೇ ತಾವು ಮಾಡಿದ್ದಕ್ಕೆ ಪಶ್ಚಾತ್ತಾಪ ವ್ಯಕ್ತಪಡಿಸಿದ್ದರು.

‘ಹೈಪೊ’ ಎಂದರೆ ‘ಕಡಿಮೆ’ ಎಂದರ್ಥ, ‘ಇಲ್ಲ’ ಎಂದಲ್ಲ. ಇದನ್ನೊಂದು ನಾನು ಮರಿ ಕೊಳ್ಳುವ ಮೊದಲೇ ಯೋಚಿಸಿದ್ದರೆ ಸಾಕಿತ್ತು.

ಇನ್ನು ಹೇಗೆ ಆರಿಸಬೇಕೆಂಬ ವಿಷಯ. ನಾಯಿ ನೋಡಲು ಹೋಗುವ ಮೊದಲು ಅಲರ್ಜಿ ತಜ್ಞರನ್ನು ನೋಡುವುದು ಒಳ್ಳೆಯದು. ನಾಯಿಯ ಅಲರ್ಜಿಯೆಂದು ಹತ್ತಾರು ವರ್ಷ ನಂಬಿಕೊಂಡಿದ್ದು, ಪರೀಕ್ಷೆಯಲ್ಲಿ ಧೂಳಿನ ನುಸಿಯದೆಂದು ತಿಳಿದವರೂ ಇದ್ದಾರೆ. ನಾಯಿಗೆ ಇಲ್ಲದೆ ಬೆಕ್ಕಿಗೆ ಮಾತ್ರ ಇರುವವರೂ ಇದ್ದಾರೆ. ಮುಂಗೈಯನ್ನು ಸಣ್ಣಗೆ ಚುಚ್ಚಿ ನೋಡುವ ಪರೀಕ್ಷೆ ಕಾಲು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಅದಕ್ಕೆ ಕೆಲವು ದಿನ ಮೊದಲೇ ಅಲರ್ಜಿಯ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರನ್ನೇ ಕೇಳಬೇಕು. ರಕ್ತಪರೀಕ್ಷೆಯ ಒಂದು ಬಗೆಯಲ್ಲಿ, ಮೇಲೆ ಹೇಳಿದ ಪ್ರೋಟೀನುಗಳಲ್ಲಿ ಯಾವುದಕ್ಕೆ ನಿಮ್ಮ ದೇಹ ಸಿಡುಕುತ್ತದೆಂಬುದನ್ನೂ ಬಿಡಿಸಿ ಹೇಳಬಹುದು. ನಾಯಿ ಬೇಕೆಂದು ಆಸೆಪಡುವವರಿಗೆ ಈ ಪರೀಕ್ಷೆ ತಳಿಗಳ ಪಟ್ಟಿಗಿಂತ ಹೆಚ್ಚು ಉಪಯೋಗದ್ದು. ಏಕೆಂದರೆ ಕ್ಯಾನ್ ಎಫ್ 5 ಎಂಬ ಪ್ರೋಟೀನು ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವಂಥದ್ದು. ಇದೊಂದಕ್ಕೇ ಅಲರ್ಜಿ ಇರುವವರು ಸಾಕಷ್ಟು ಮಂದಿ ಇದ್ದಾರೆ. ಅಂಥವರಿಗೆ ಹೆಣ್ಣುನಾಯಿ ಒಗ್ಗುವ ಸಾಧ್ಯತೆ ಬಹಳ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡಿನಲ್ಲಿಯೂ ಈ ಪ್ರೋಟೀನು ತೀರ ಇಳಿಯುತ್ತದೆ. ತಳಿ ಯಾವುದೆಂದು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುವ ನಾವು ಗಂಡೋ ಹೆಣ್ಣೋ ಎಂದು ಒಂದು ಕ್ಷಣವೂ ಯೋಚಿಸುವುದಿಲ್ಲ. ನನ್ನ ಪರೀಕ್ಷೆಯಲ್ಲಿ ಕ್ಯಾನ್ ಎಫ್ 1 ಸೇರಿದಂತೆ ಮೂರು ಪ್ರೋಟೀನುಗಳು ಕಾಣಿಸಿಕೊಂಡದ್ದರಿಂದ ನನಗೆ ಆ ಬಾಗಿಲೂ ಮುಚ್ಚಿತ್ತು. ಆದರೆ ನಿಮ್ಮ ಓದುಗರಲ್ಲಿ ಹಲವರಿಗೆ ಅದು ತೆರೆದಿರಬಹುದು.

ಸಣ್ಣ ನಾಯಿಯೇ ಏಕೆ ಎಂಬುದಕ್ಕೆ ನಿಮ್ಮ ಲೇಖಕರು ಕೊಟ್ಟ ಕಾರಣವನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಮೂರು ಕಿಲೋ ತೂಗುವ ಮಾಲ್ಟೀಸ್‌ನ ಮೈಚರ್ಮ ಮೂವತ್ತು ಕಿಲೋದ ಲ್ಯಾಬ್ರಡಾರ್‌ನ ಚರ್ಮಕ್ಕಿಂತ ಎಷ್ಟೋ ಕಡಿಮೆ. ಉದುರುವ ಹೊಟ್ಟೂ, ಸುರಿಸುವ ಜೊಲ್ಲೂ ಅದೇ ಲೆಕ್ಕದಲ್ಲಿ ಕಡಿಮೆಯಾದೀತು. ಸ್ನಾನ ಮಾಡಿಸುವುದೂ ಸುಲಭ. ಆದರೆ ದೊಡ್ಡ ನಾಯಿ ಬಾಗಿಲ ಬಳಿ ಮಲಗುತ್ತದೆ, ಸಣ್ಣ ನಾಯಿ ಮಡಿಲಲ್ಲಿ ಮಲಗುತ್ತದೆ. ನಮ್ಮ ಶಿಟ್ಜು ನಾನು ಪತ್ರಿಕೆ ಓದುವಾಗ ಎದೆಯ ಮೇಲೆ ಹತ್ತಿ, ಮೂತಿಯನ್ನು ನನ್ನ ಗದ್ದಕ್ಕೆ ಆನಿಸಿ ನಿದ್ದೆ ಮಾಡುತ್ತಿತ್ತು. ಅದರ ಉಸಿರು ನನ್ನ ಉಸಿರಿಗೆ ನಾಲ್ಕು ಬೆರಳು ದೂರ. ಗಾತ್ರದಿಂದ ಉಳಿಸಿದ್ದನ್ನೆಲ್ಲ ಸಲುಗೆಯಿಂದ ಕಳೆದುಕೊಂಡಂತಾಯಿತು. ಆದ್ದರಿಂದ ಸಣ್ಣ ನಾಯಿಯನ್ನು ತರುವವರು, ಅದು ಹಾಸಿಗೆ ಹತ್ತಕೂಡದು, ಮಲಗುವ ಕೋಣೆಗೆ ಕಾಲಿಡಕೂಡದು ಎಂಬ ನಿಯಮವನ್ನು ಮೊದಲ ರಾತ್ರಿಯಿಂದಲೇ ಪಾಲಿಸಲು ತಮ್ಮಿಂದಾದೀತೇ ಎಂದು ಕೇಳಿಕೊಳ್ಳಬೇಕು. ಒಂದು ವಾರ ಸಡಿಲ ಬಿಟ್ಟರೆ ಆಮೇಲೆ ಬಾಗಿಲು ಕೆರೆಯುವ ಸದ್ದಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಕಷ್ಟ.

ಎರಡನೆಯ ಬಾರಿ ನಾವು ಮರಿಯ ಹಂಬಲವನ್ನೇ ಬಿಟ್ಟೆವು. ಮರಿಯಾಗಿದ್ದಾಗ ಒಗ್ಗಿದ್ದು ಬೆಳೆದಾಗ ಒಗ್ಗದೆ ಹೋಗಬಹುದೆಂಬುದು ಆಗಲೇ ಗೊತ್ತಾಗಿತ್ತಲ್ಲ. ಬೆಳೆದ ನಾಯಿಯಾದರೆ ಅದರ ಚರ್ಮ, ಕೂದಲು, ನೆಕ್ಕುವ ಚಾಳಿ, ಎಲ್ಲವೂ ಇದ್ದ ಹಾಗೆಯೇ ಕಣ್ಣಮುಂದಿರುತ್ತವೆ. ಪರಿಚಿತರ ಮೂಲಕ ನಾಲ್ಕು ವರ್ಷದ ಹೆಣ್ಣು ಪೂಡಲ್ ಒಂದು, ಅದರ ಮನೆಯವರು ಬೇರೆಡೆ ಹೋಗಬೇಕಾಗಿ ಬಂದದ್ದರಿಂದ, ಹೊಸ ಮನೆ ಹುಡುಕುತ್ತಿರುವುದು ತಿಳಿಯಿತು. ನಾನು ಕೇಳಿದ ಮೊದಲ ಉಪಕಾರವೆಂದರೆ ಅದು ಒಂದು ವಾರ ಮಲಗಿದ ಟವೆಲ್. ಅದನ್ನು ಚೀಲದಲ್ಲಿ ಕಟ್ಟಿ ತಂದು, ನನ್ನ ಕುರ್ಚಿಯ ಬೆನ್ನಿಗೆ ಹಾಸಿ, ಮೂರು ಸಂಜೆ ಅದರ ಮೇಲೆ ಒರಗಿ ಕುಳಿತೆ. ಹೆಂಡತಿ ನಕ್ಕಳು, ನಗುವಂತೆಯೇ ಇತ್ತು. ಆಮೇಲೆ ಅವರ ಮನೆಗೆ ಐದು ಸಲ ಹೋದೆ. ಒಂದೊಂದು ಸಲವೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆ ಅದರೊಡನೆ ಕುಳಿತು, ಮೈ ಸವರಿ, ಅದೇ ಕೈಯನ್ನು ಕೆನ್ನೆಗೆ ತಾಗಿಸಿ, ಮುಂಗೈ ನೆಕ್ಕಿಸಿಕೊಂಡು ನೋಡಿದೆ. ಮಾತ್ರೆ ನುಂಗಿರಲಿಲ್ಲ. ಆ ರಾತ್ರಿಯೂ ಮರುದಿನವೂ ಉಸಿರು ಹೇಗಿತ್ತೆಂದು ಬರೆದಿಟ್ಟೆ, ಏಕೆಂದರೆ ಕೆಲವು ಸಲ ಅಲರ್ಜಿ ಗಂಟೆಗಳ ನಂತರ ತಲೆಯೆತ್ತುತ್ತದೆ. ಕೊನೆಗೆ, ಒಗ್ಗದಿದ್ದರೆ ಹಿಂದಿರುಗಿಸುವ ಒಪ್ಪಂದದ ಮೇಲೆ ಎರಡು ತಿಂಗಳು ಮನೆಯಲ್ಲಿಟ್ಟುಕೊಂಡೆವು. ಇದನ್ನು ನನ್ನ ವೈದ್ಯರಿಗೆ ತಿಳಿಸಿಯೇ ಮಾಡಿದೆ. ಉಬ್ಬಸ ತೀವ್ರವಾಗಿರುವವರು, ನಾಯಿಯ ಸಂಪರ್ಕದಿಂದ ಹಿಂದೆ ಉಸಿರು ಸಿಕ್ಕಿಹಾಕಿಕೊಂಡವರು ತಾವಾಗಿಯೇ ಇಂಥ ಪ್ರಯೋಗಕ್ಕೆ ಖಂಡಿತ ಇಳಿಯಬಾರದು. ಅಂಥವರಿಗೆ ನಾಯಿ ಬೇಡವೆಂದು ಹೇಳುವುದೇ ಪ್ರಾಮಾಣಿಕ ಸಲಹೆ.

ಆ ಪೂಡಲ್ ಈಗ ನಮ್ಮ ಮನೆಯಲ್ಲಿದೆ. ಪವಾಡವೇನೂ ನಡೆದಿಲ್ಲ, ವಾರಕ್ಕೆ ಒಂದೆರಡು ಬೆಳಿಗ್ಗೆ ಸೀನುತ್ತೇನೆ. ಆದರೆ ಉಬ್ಬಸವಿಲ್ಲ, ಗಂದೆಯಿಲ್ಲ. ಇದೇ ತಳಿಯ ಇನ್ನೊಂದು ನಾಯಿಯ ಮನೆಗೆ ಹೋದ ತಿಂಗಳು ಹೋಗಿದ್ದೆ, ಇಪ್ಪತ್ತು ನಿಮಿಷಕ್ಕೆ ಎದ್ದು ಹೊರಗೆ ಬರಬೇಕಾಯಿತು.

ತಳಿಯ ಚಿತ್ರ ನೋಡಿ ಮರುಳಾಗುವವರಿಗೆ ಇವುಗಳ ಪಾಲನೆಯ ಶ್ರಮವನ್ನೂ ತಿಳಿಸಬೇಕಿತ್ತು. ಉದುರದ ಕೂದಲು ಎಲ್ಲಿಗೂ ಹೋಗದೆ ಮೈಮೇಲೆಯೇ ಸಿಕ್ಕುಗಟ್ಟುತ್ತದೆ. ದಿನ ಬಿಟ್ಟು ದಿನವಾದರೂ ಬಾಚಬೇಕು, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕತ್ತರಿಸಬೇಕು. ಬಾಚುವಾಗಲೇ ಹೊಟ್ಟು ಹೆಚ್ಚಾಗಿ ಏಳುವುದರಿಂದ ಅಲರ್ಜಿ ಇರುವವರು ಆ ಕೆಲಸ ಮಾಡುವಂತಿಲ್ಲ. ನಮ್ಮಲ್ಲಿ ಮಗಳು ಅದನ್ನು ಹೊರಗೆ ಗಾಳಿಯಲ್ಲಿ ಕುಳಿತು ಮಾಡುತ್ತಾಳೆ. ಸ್ನಾನ ಮಾಡಿಸಿದರೆ ಮೈಮೇಲಿನ ಅಲರ್ಜಿಕಾರಕ ಇಳಿಯುವುದು ನಿಜ, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಪರಿಣಾಮ ಉಳಿಯಬೇಕಾದರೆ ವಾರಕ್ಕೆ ಎರಡು ಸ್ನಾನ ಬೇಕೆಂದು ಅಧ್ಯಯನಗಳು ಹೇಳುತ್ತವೆ. ಹಾಗೆ ಪದೇಪದೇ ತೊಳೆದರೆ ನಾಯಿಯ ಚರ್ಮ ಒಣಗಿ ಹೊಟ್ಟು ಇನ್ನೂ ಹೆಚ್ಚಾಗುವ ಅಪಾಯವಿದೆ, ಹಾಗಾಗಿ ಯಾವ ಶಾಂಪೂ ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ಬಳಸಬೇಕು. ನಾಯಿಗಳಿಗೂ ಚರ್ಮದ ಅಲರ್ಜಿ ಬರುತ್ತದೆ, ವೆಸ್ಟ್ ಹೈಲೆಂಡ್ ವೈಟ್ ಟೆರಿಯರ್‌ನಂಥ ಸಣ್ಣ ತಳಿಗಳಲ್ಲಿ ಅದು ಹೆಚ್ಚು. ಮೈ ಕೆರೆದು ಕೆರೆದು ಹೊಟ್ಟು ಉದುರಿಸುವ ನಾಯಿಯನ್ನು ಮೂಗು ಸೋರುವ ಯಜಮಾನ ಸಾಕುವ ದೃಶ್ಯವನ್ನು ಊಹಿಸಿಕೊಳ್ಳಿ. ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಗಾಳಿಶೋಧಕ, ಅಂಥದೇ ವ್ಯಾಕ್ಯೂಮ್ ಕ್ಲೀನರ್, ಕಾರ್ಪೆಟ್ ತೆಗೆದ ನೆಲ, ವಾರವಾರ ಬಿಸಿನೀರಿನಲ್ಲಿ ಒಗೆದ ಹಾಸಿಗೆ ಬಟ್ಟೆ, ಇವೆಲ್ಲ ಸೇರಿದಾಗ ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಅಕ್ಷರಶಃ ನಿಜವಾಗುತ್ತದೆ. ಈ ಸಣ್ಣ ತಳಿಗಳು ಹನ್ನೆರಡರಿಂದ ಹದಿನೈದು ವರ್ಷ ಬಾಳುವಂಥವು. ಅಷ್ಟೂ ವರ್ಷ ಈ ಕೆಲಸಗಳು ತಪ್ಪುವುದಿಲ್ಲ.

ನಾಯಿಯನ್ನು ಬೇರೆ ಮನೆಗೆ ಕಳುಹಿಸಿದ ಕೂಡಲೇ ಎಲ್ಲ ಸರಿಯಾಗುತ್ತದೆಂದು ನಂಬಿರುವವರಿಗೆ ಇನ್ನೊಂದು ಮಾತು. ಈ ಪ್ರೋಟೀನುಗಳು ಗೋಡೆ, ಪರದೆ, ಮೆತ್ತೆಗಳಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಉಳಿಯುತ್ತವೆ. ಬಟ್ಟೆಯ ಮೂಲಕ ಊರೆಲ್ಲ ತಿರುಗುತ್ತವೆ. ನಾಯಿಯ ಸುಳಿವೇ ಇಲ್ಲದ ಶಾಲೆಗಳ ಧೂಳಿನಲ್ಲೂ ಇವು ಸಿಕ್ಕಿವೆ. ಶಿಟ್ಜು ಈಗಲೂ ನನ್ನ ತಂಗಿಯ ಬಳಿ ಸುಖವಾಗಿದೆ. ತಂಗಿ ಒಬ್ಬಳೇ ನಮ್ಮ ಮನೆಗೆ ಬಂದು ತನ್ನ ಉಣ್ಣೆಯ ಶಾಲನ್ನು ಕುರ್ಚಿಯ ಮೇಲೆ ಹಾಕಿದರೆ ಸಾಕು, ಐದು ನಿಮಿಷದಲ್ಲಿ ನಾನು ಸೀನಲು ಶುರು. ಅವಳೀಗ ಬಾಗಿಲಲ್ಲೇ ಶಾಲು ತೆಗೆದು ಚೀಲಕ್ಕೆ ತುರುಕಿ ಒಳಗೆ ಬರುತ್ತಾಳೆ.

ಸಂಪಾದಕರೇ, ಒಗ್ಗದ ನಾಯಿಯನ್ನು ಇಟ್ಟುಕೊಳ್ಳಲು ಒಪ್ಪುವ ತಂಗಿ ಎಲ್ಲರಿಗೂ ಇರುವುದಿಲ್ಲ. ಅಲರ್ಜಿ ಬಂತೆಂದು ಬಿಟ್ಟುಹೋದ ನಾಯಿಗಳು ಆಶ್ರಯಧಾಮಗಳಲ್ಲಿ ಇರುತ್ತವೆ, ಹಾಗೆ ಬರುವವುಗಳಲ್ಲಿ ‘ಅಲರ್ಜಿ ಬರುವುದಿಲ್ಲ’ ಎಂದು ಮಾರಿಸಿಕೊಂಡವೂ ಇರುತ್ತವೆ. ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಆ ಪಟ್ಟಿಯನ್ನು ಮುಂದೆಂದಾದರೂ ಮರುಮುದ್ರಿಸುವುದಾದರೆ, ತಳಿಗಳ ಹೆಸರನ್ನು ಹಾಗೆಯೇ ಉಳಿಸಿಕೊಂಡು, ‘ಅಲರ್ಜಿಯ ಭಯವಿಲ್ಲ’ ಎಂಬಲ್ಲಿ ‘ಕೂದಲು ಕಡಿಮೆ ಉದುರುತ್ತದೆ’ ಎಂದಷ್ಟೇ ಅಚ್ಚುಮಾಡಿ. ಜಾಗ ಉಳಿದರೆ, ಕೊಳ್ಳುವ ಮೊದಲು ಅದೇ ನಾಯಿಯೊಡನೆ ಹಲವು ಸಲ, ಗಂಟೆಗಟ್ಟಲೆ ಕುಳಿತು ನೋಡಿ ಎಂಬ ಒಂದು ಸಾಲನ್ನು ಚಿತ್ರಗಳ ಕೆಳಗೆ ಸೇರಿಸಿ.

ಇಂತಿ ತಮ್ಮ ವಿಶ್ವಾಸಿ,
ಓದುಗ